ಬೋರ್ಡಕ್ಕನ ಹನ್ನೊಂದು ನಿಮಿಷ

ಕಾಲೇಜಿನ ಕಡತದಲ್ಲಿ ಅವರು ಪ್ರಯೋಗಾಲಯದ ಸಹಾಯಕಿ. ಎರಡನೇ ಮಹಡಿಯ ಆ ಉದ್ದನೆಯ ಕೋಣೆಯಲ್ಲಿ ಓದಿ ಹೋದ ಮಕ್ಕಳೆಲ್ಲರಿಗೂ ಬೋರ್ಡಕ್ಕ. ಹತ್ತನೇ ತರಗತಿಯ ನಂತರ ಬೋರ್ಡಕ್ಕ ತಾವು ಓದಿದ್ದು ಏನಿದ್ದರೂ ಆ ಕೋಣೆಯಲ್ಲೇ.

ನಾನು ಅವರ ಮನೆಯ ಮೇಲಿನ ಮಹಡಿಯಲ್ಲಿ ಬಟ್ಟೆ ಹೊಲಿಯುತ್ತೇನೆ. ಭಾನುವಾರ ಮಧ್ಯಾಹ್ನ ಅವರು ಮೇಲೆ ಬಂದು ನನ್ನ ಯಂತ್ರದ ಪಕ್ಕ ಕೂರುತ್ತಿದ್ದರು. ನನಗೆ ಸೂಜಿಗೆ ದಾರ ಪೋಣಿಸಿಕೊಡುತ್ತಾ ತಮ್ಮ ಬೋರ್ಡಿನ ಕಥೆ ಹೇಳುತ್ತಿದ್ದರು. ಕೇಳಿ ಕೇಳಿ ನನಗೂ ಅದು ಅರ್ಥವಾಗುವಷ್ಟಾಗಿತ್ತು.

ಹದಿನಾಲ್ಕು ವರ್ಷದ ಹಿಂದೆ ಕಾಲೇಜಿಗೆ ಒಂದು ಪೆಟ್ಟಿಗೆ ಬಂತಂತೆ. ಒಳಗೆ ಎರಡು ಅಂಗೈ ಅಗಲದ ಹಸಿರು ಹಲಗೆ, ಮೈತುಂಬ ಕಪ್ಪು ಚಿಪ್‌ಗಳು. ಡಿಜಿಟಲ್ ವಿಡಿಯೋ ಡೆವಲಪ್‌ಮೆಂಟ್ ಬೋರ್ಡ್ ಎಂದು ಹೆಸರು. ಒಂದು ಕಡೆಯಿಂದ ಕ್ಯಾಮೆರಾದ ಚಿತ್ರ ಒಳಗೆ ಹೋಗುತ್ತದೆ, ಇನ್ನೊಂದು ಕಡೆಯಿಂದ ಪರದೆಗೆ ಬರುತ್ತದೆ. ನಡುವೆ ಆ ಚಿತ್ರವನ್ನು ಏನು ಮಾಡಬೇಕೆಂದು ಮಕ್ಕಳು ಪ್ರೋಗ್ರಾಂ ಬರೆದು ಕಲಿಯಬೇಕು. ಕೆಟ್ಟರೆ ತಮ್ಮ ತಲೆಗೆ ಬರುತ್ತದೆಂದು ಮೇಷ್ಟ್ರುಗಳು ನಾಲ್ಕು ತಿಂಗಳು ಆ ಪೆಟ್ಟಿಗೆಯ ಟೇಪನ್ನೇ ಬಿಚ್ಚಲಿಲ್ಲ. ದಿನಾ ಅದರ ಧೂಳು ಹೊಡೆಯುತ್ತಿದ್ದ ಬೋರ್ಡಕ್ಕನೇ ಬಿಚ್ಚಿದರು. ಕೈಪಿಡಿಯನ್ನು ನಿಘಂಟು ಇಟ್ಟುಕೊಂಡು ದಿನಕ್ಕೊಂದು ಪುಟದಂತೆ ಓದಿದರು. ಮಳೆಗಾಲ ಮುಗಿಯುವಷ್ಟರಲ್ಲಿ ಪರದೆಯ ಮೇಲೆ ಕಿಟಕಿಯ ಹೊರಗಿನ ಮರ ಅಲ್ಲಾಡಿತು.

ಅವರ ಯಜಮಾನರು ಬಡಗಿ. "ನಂದೂ ಹಲಗೆ ಕೆಲಸ, ನಿಂದೂ ಹಲಗೆ ಕೆಲಸ. ನನ್ನ ಹಲಗೆ ಮೇಲೆ ಕೂತಾದ್ರೂ ಕೂತ್ಕೋಬಹುದು" ಎಂದು ಹಂಗಿಸುತ್ತಿದ್ದರು. ಮರ ಕೊಯ್ಯುವ ಯಂತ್ರದ ಪಕ್ಕ ಮೂವತ್ತು ವರ್ಷ ನಿಂತು ಅವರ ಕಿವಿ ಹೋಗಿತ್ತು. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಾರೆ. ತಾವು ಆಡುವುದು ಮಾತ್ರ ಬೀದಿಗೆಲ್ಲ ಕೇಳುವ ಹಾಗೆ.

ಬೋರ್ಡಿನ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಸಣ್ಣ ಸ್ವಿಚ್ಚುಗಳು ನಾಲ್ಕು. ನಾಲ್ಕೂ ಕೆಳಗಿದ್ದರೆ ಬೋರ್ಡು ತನ್ನ ಬುದ್ಧಿ ಓಡಿಸುವುದಿಲ್ಲ, ಬಂದ ಚಿತ್ರವನ್ನು ಹಾಗೇ ಪರದೆಗೆ ದಾಟಿಸುತ್ತದೆ, ಏನನ್ನೂ ಇಟ್ಟುಕೊಳ್ಳುವುದಿಲ್ಲ. ಎರಡನೆಯದನ್ನು ಮೇಲೆತ್ತಿದರೆ, ದಾಟಿಸುತ್ತಲೇ ಚಿತ್ರವನ್ನೂ ಧ್ವನಿಯನ್ನೂ ಕಂಪ್ಯೂಟರಿನ ಡಿಸ್ಕಿನಲ್ಲಿ ಬರೆದಿಡುತ್ತದೆ. ಹಿಂದೊಮ್ಮೆ ಯಾರೋ ಸ್ವಿಚ್ಚುಗಳನ್ನು ಮನಸ್ಸಿಗೆ ಬಂದಂತೆ ಬಿಟ್ಟು ಕರೆಂಟು ಕೊಟ್ಟು, ಒಂದು ವರ್ಷದ ಕೆಲಸ ಅಳಿಸಿಹೋಗಿತ್ತು. ಅಂದಿನಿಂದ ಬೋರ್ಡಕ್ಕನದು ಒಂದೇ ಪಾಠ: "ಮೊದಲು ನಾಲ್ಕೂ ಕೆಳಗೆ, ಆಮೇಲೆ ಕರೆಂಟು." ಇಂಕು ಮುಗಿದ ಪೆನ್ನೊಂದನ್ನು ಆ ಸ್ವಿಚ್ಚು ಒತ್ತಲೆಂದೇ ಸೆರಗಿನ ಪಿನ್ನಿಗೆ ಸಿಕ್ಕಿಸಿಕೊಂಡಿರುತ್ತಿದ್ದರು.

"ಅಕ್ಕ, ಮನೇಲಿ ದೀಪ ಹಾಕೋಕೂ ಮುಂಚೆ ನಾಲ್ಕು ಸ್ವಿಚ್ ಕೆಳಗೆ ಮಾಡ್ತೀರಾ?" ಎಂದು ಒಬ್ಬಳು ಕೇಳಿದಳಂತೆ.

"ಹೂಂ ಕಣೇ. ನಿನ್ನ ತಲೆಗೂ ಒಂದು ಸ್ವಿಚ್ ಇದ್ದಿದ್ರೆ ಮೊದಲು ಅದನ್ನೇ ಕೆಳಗೆ ಮಾಡ್ತಿದ್ದೆ."

ಅವರಿಗೆ ಒಬ್ಬಳು ಮಗಳಿದ್ದಳು. ಕಡ್ಡಿಯಂತೆ ಸಣ್ಣಗೆ, ನಿಲ್ಲಿಸಿದಲ್ಲಿಂದ ಅಲ್ಲಾಡದ ಹಟದವಳು. ಅಪ್ಪ ಇಟ್ಟ ಅಡ್ಡ ಹೆಸರು ಮೊಳೆ. ಐದು ತುಂಬುವ ಮೊದಲೇ ಮೂರು ದಿನದ ಮಿದುಳು ಜ್ವರದಲ್ಲಿ ಹೋದಳು. ಅದಾಗಿ ಹತ್ತೊಂಬತ್ತು ವರ್ಷ. ಆ ಮನೆಯಲ್ಲಿ ಅವಳ ಮಾತು ಯಾರೂ ಎತ್ತುತ್ತಿರಲಿಲ್ಲ. ಒಬ್ಬರ ಗಾಯವನ್ನು ಇನ್ನೊಬ್ಬರು ಮುಟ್ಟಬಾರದೆಂದು ಇಬ್ಬರೂ ದೂರದೂರ ನಡೆದಂತೆ ಇತ್ತು.

ಒಂದು ಭಾನುವಾರ ಬೋರ್ಡಕ್ಕ ದಾರ ಪೋಣಿಸುವುದನ್ನು ಅರ್ಧಕ್ಕೆ ನಿಲ್ಲಿಸಿದರು.

"ಅಕ್ಕ, ಮೊನ್ನೆ ಕಾಲೇಜಿನ ಮೆಟ್ಟಿಲ ಹತ್ರ ಯಾರದೋ ಮಗು ಅಮ್ಮಾ ಅಂತು. ತಿರುಗಿ ನೋಡ್ದೆ. ನಮ್ಮ ಮೊಳೆ ಹಾಗೇ ಅಂದ ಹಾಗಾಯ್ತು. ಆಮೇಲೆ ಯೋಚನೆ ಬಂತು, ಅವಳು ಹಾಗೇ ಅಂತಿದ್ಲಾ? ಎಷ್ಟು ನೆನಪು ಮಾಡ್ಕೊಂಡ್ರೂ ಬರ್ತಿಲ್ಲ." ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. "ಮುಖ ಫೋಟೋದಲ್ಲಿದೆ. ಎತ್ತರ ಅವಳ ಫ್ರಾಕಿನಲ್ಲಿದೆ. ಧ್ವನಿ ಮಾತ್ರ ನನ್ನ ಹತ್ರ ಇತ್ತು. ಅದನ್ನೂ ಕಳ್ಕೊಂಡೆ."

ನಾನು ಯಂತ್ರ ನಿಲ್ಲಿಸಿ ಅವರತ್ತ ತಿರುಗಿ ಕೂತೆ.

ಧ್ವನಿ ಇನ್ನೊಂದು ಕಡೆಯೂ ಇತ್ತು. ಮಗು ಹೋಗುವ ಏಳು ತಿಂಗಳ ಮುಂಚೆ ಬಡಗಿಯ ತಮ್ಮ ಯಾರಿಂದಲೋ ವಿಡಿಯೋ ಕ್ಯಾಮೆರಾ ಎರವಲು ತಂದು ಒಂದು ಸಂಜೆ ಅವಳನ್ನು ಚಿತ್ರ ತೆಗೆದಿದ್ದ. ಹನ್ನೊಂದು ನಿಮಿಷ. ಅಂದು ಬೋರ್ಡಕ್ಕನಿಗೆ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸ. ಕ್ಯಾಸೆಟ್ ಹಾಕುವ ಯಂತ್ರ ಅವರ ಮನೆಯಲ್ಲಿರಲಿಲ್ಲ. ಮುಂದೆ ಎಂದಾದರೂ ನೋಡಿದರಾಯಿತು ಎಂದುಕೊಂಡಿದ್ದರು. ಮಗು ಹೋದ ಮೇಲೆ ಅದು ಎಲ್ಲಿದೆಯೆಂದು ಅವರು ಕೇಳಲಿಲ್ಲ, ಯಜಮಾನರು ಹೇಳಲಿಲ್ಲ.

ಆ ಸಂಜೆ ಅವರು ಗಂಡನ ಎದುರು ನಿಂತು, ತುಟಿ ಕಾಣುವ ಹಾಗೆ ನಿಧಾನವಾಗಿ ಕೇಳಿದರು: "ರೀ, ಆ ಕ್ಯಾಸೆಟ್ ಇದ್ಯಾ?"

ಬಡಗಿ ಎದ್ದು ಹೋಗಿ ತಮ್ಮ ಹತಾರದ ಪೆಟ್ಟಿಗೆಯನ್ನು ಬರಿದು ಮಾಡಿದರು. ತಳದ ಹಲಗೆ ಎತ್ತಿದರೆ ಅದರಡಿ ಇನ್ನೊಂದು ತಳ. ಅಲ್ಲಿ ಹಳೆಯ ಅಂಗಿಯಲ್ಲಿ ಸುತ್ತಿದ ಕ್ಯಾಸೆಟ್ಟು. ಒಳಗಿನ ಟೇಪಿನ ಪಟ್ಟಿಯ ಮೇಲೆಲ್ಲ ಬಿಳಿ ಬೂಷ್ಟು.

ಸ್ಟುಡಿಯೋದವನು ಅದನ್ನು ಬೆಳಕಿಗೆ ಹಿಡಿದು ನೋಡಿ ವಾಪಸ್ಸು ಕೊಟ್ಟ. "ಅಮ್ಮಾ, ಇದು ಒಂದ್ಸಲ ಓಡಿದ್ರೆ ನಿಮ್ಮ ಪುಣ್ಯ. ಎರಡನೇ ಸಲದ ಮಾತೇ ಬೇಡ. ನಾನಂತೂ ಕೈ ಹಾಕಲ್ಲ. ಹರಿದ್ರೆ ನಿಮ್ಮ ಮುಖ ನೋಡೋಕಾಗಲ್ಲ ನಂಗೆ."

ಆಗಲೇ ಕಾಲೇಜಿನಲ್ಲಿ ಹಳೆಯ ಸಾಮಾನು ಖಾಲಿ ಮಾಡುತ್ತಿದ್ದರು. ಬೋರ್ಡಕ್ಕನ ಬೋರ್ಡೂ ಆ ಸಾಮಾನಿನಲ್ಲಿತ್ತು. ಅವರು ವಿಭಾಗದ ಮುಖ್ಯಸ್ಥರ ಬಳಿ ಹೋಗಿ ಒಂದು ಶನಿವಾರ ಅದನ್ನು ತಮಗಾಗಿ ಬಳಸಿಕೊಳ್ಳಲೇ ಎಂದು ಕೇಳಿದರು. "ಗುಜರಿಗೆ ಹೋಗೋ ಮುಂಚೆ ಏನು ಬೇಕಾದ್ರೂ ಮಾಡ್ಕೊಳ್ಳಮ್ಮ. ಅದನ್ನ ಸಾಕಿದ್ದೇ ನೀನು" ಎಂದರು ಅವರು.

ಒಂದು ವಾರ ಹತ್ತಿ ಸುತ್ತಿದ ಕಡ್ಡಿಯಲ್ಲಿ ಕ್ಯಾಸೆಟ್ಟಿನ ಪಟ್ಟಿಯನ್ನು ಗೇಣು ಗೇಣಾಗಿ ಒರೆಸಿದರು. ಉಗ್ರಾಣದಿಂದ ಕ್ಯಾಸೆಟ್ ಓಡಿಸುವ ವಿಸಿಆರ್ ತಂದು, ಪಟ್ಟಿ ಓದುವ ಅದರ ತಲೆ ತೊಳೆದರು. ಶುಕ್ರವಾರ ಎಲ್ಲವನ್ನೂ ಜೋಡಿಸಿದರು: ವಿಸಿಆರಿನಿಂದ ಚಿತ್ರಕ್ಕೆ ಹಳದಿ ತಂತಿ, ಧ್ವನಿಗೆ ಕೆಂಪು ಬಿಳಿ ತಂತಿ, ಎಲ್ಲವೂ ಬೋರ್ಡಿಗೆ. ಬೋರ್ಡಿನಿಂದ ಪರದೆಗೆ ಒಂದು ತಂತಿ. ಆ ಪರದೆಗೆ ಸ್ಪೀಕರ್ ಇಲ್ಲ, ಧ್ವನಿ ಕೇಳಬೇಕಾದರೆ ಡಿಸ್ಕಿನಲ್ಲಿ ಸೇರಿದ್ದನ್ನು ಕಂಪ್ಯೂಟರಿನಲ್ಲೇ ಹಾಕಬೇಕು. ಎರಡನೇ ಸ್ವಿಚ್ಚು ಮೇಲೆತ್ತಿ, ಹಳೆಯ ಪಾಠದ ಕ್ಯಾಸೆಟ್ ಒಂದನ್ನು ಹಾಕಿ ಪರೀಕ್ಷೆ ಮಾಡಿದರು. ಬೆಸುಗೆ ಹಾಕುವುದು ಹೇಗೆಂದು ಯಾವುದೋ ಗಂಡಸಿನ ಧ್ವನಿ ಕಂಪ್ಯೂಟರಿನಿಂದ ಸ್ವಚ್ಛವಾಗಿ ಬಂತು. ಆ ಸಂಜೆ ಅವರು ನನ್ನ ಮನೆಗೆ ಬಂದು, ನನ್ನ ದೇವರ ಮುಂದೆ ಕೈ ಮುಗಿದು ಹೋದರು. ಅವರು ಹಾಗೆ ಮಾಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಶನಿವಾರ ಮಧ್ಯಾಹ್ನ ಬಡಗಿಯೂ ಕಾಲೇಜಿಗೆ ಬಂದರು, ತೊಳೆದ ಅಂಗಿ ಹಾಕಿಕೊಂಡು, ಮದುವೆಮನೆಗೆ ಬಂದವರ ಹಾಗೆ ಬಾಗಿಲಲ್ಲೇ ನಿಂತರು. ಅವರಿಗೆ ಪರದೆ ಚೆನ್ನಾಗಿ ಕಾಣಲೆಂದು ಬೋರ್ಡಕ್ಕ ಕರೆಂಟು ತೆಗೆದು ಬೋರ್ಡನ್ನು ಮೇಜಿನ ಆಚೆ ಬದಿಗೆ ಸರಿಸಿದರು. ಕುರ್ಚಿ ಹಾಕಿದರು. ಮತ್ತೆ ಕರೆಂಟು ಕೊಟ್ಟರು.

ವಿಸಿಆರಿನ ಮುಚ್ಚಳ ತೆಗೆದಿಟ್ಟಿದ್ದರು. ಬೂಷ್ಟು ಹಿಡಿದ ಪಟ್ಟಿ ಎಲ್ಲಿ ಬೇಕಾದರೂ ಅಂಟಿಕೊಳ್ಳಬಹುದು. ಆದ್ದರಿಂದ ಅವರು ಹತ್ತಿಯ ಕಡ್ಡಿ ಹಿಡಿದು, ಬಗ್ಗಿ ನಿಂತು, ಪಟ್ಟಿಯ ಮೇಲೆ ಕಣ್ಣು ನೆಟ್ಟರು. ಪರದೆ ಅವರ ಬೆನ್ನ ಹಿಂದೆ ಇತ್ತು.

"ನೀವು ನೋಡ್ತಿರಿ" ಎಂದು ಗಂಡನಿಗೆ ಹೇಳಿದರು. "ನಾನು ಆಮೇಲೆ ಕೂತು ನಿಧಾನಕ್ಕೆ ನೋಡ್ತೀನಿ, ಕೇಳ್ತೀನಿ."

ಗುಂಡಿ ಒತ್ತಿದರು. ಎರಡು ಸಲ ಪಟ್ಟಿ ಎಳೆದಾಡಿತು, ಕಡ್ಡಿಯಿಂದ ಮೆಲ್ಲಗೆ ಬಿಡಿಸಿದರು. ಹಿಂದೆ ಬಡಗಿ ಒಮ್ಮೆ ಗಟ್ಟಿಯಾಗಿ ನಕ್ಕರು. ಹತ್ತೊಂಬತ್ತು ವರ್ಷದಲ್ಲಿ ಅವರು ಹಾಗೆ ನಕ್ಕಿರಲಿಲ್ಲ. ಆದರೂ ಬೋರ್ಡಕ್ಕ ತಿರುಗಲಿಲ್ಲ. ಕಣ್ಣು ತೆಗೆದರೆ ಪಟ್ಟಿ ಹರಿದೀತೆಂಬ ಭಯ. ಕೊನೆಗೆ ಅದು ಚಕ್ರಕ್ಕೆ ಸುತ್ತಿಕೊಂಡು ಟಪ್ಪೆಂದು ಹರಿಯಿತು. ಗಡಿಯಾರ ನೋಡಿದರು. ಹನ್ನೊಂದು ನಿಮಿಷ ದಾಟಿತ್ತು.

"ಹೋಗ್ಲಿ ಬಿಡಿ" ಎಂದು ಸೊಂಟ ನೆಟ್ಟಗೆ ಮಾಡಿ ನಕ್ಕರು. "ಎಲ್ಲ ಒಳಗೆ ಸೇರಿತು."

ಕಂಪ್ಯೂಟರಿನಲ್ಲಿ ಒಂದೇ ಒಂದು ಕಡತವಿತ್ತು. ತೆರೆದರು. ಬೆಸುಗೆ ಹಾಕುವುದು ಹೇಗೆಂದು ನಿನ್ನೆಯ ಗಂಡಸು ಹೇಳತೊಡಗಿದ.

ಆಗ ಬೋರ್ಡಿನ ಕಡೆ ನೋಡಿದರು. ನಾಲ್ಕು ಸ್ವಿಚ್ಚುಗಳೂ ಕೆಳಗಿದ್ದವು, ಹೇಳಿದ ಮಾತು ಕೇಳಿದ ಮಕ್ಕಳ ಹಾಗೆ ಸಾಲಾಗಿ. ಪೆನ್ನು ಅವರ ಬಲಗೈಯ ಪಕ್ಕದಲ್ಲೇ ಬಿದ್ದಿತ್ತು. ಬೋರ್ಡು ಸರಿಸಿ ಮತ್ತೆ ಕರೆಂಟು ಕೊಡುವ ಮುಂಚೆ ಕೈ ತನ್ನ ಪಾಡಿಗೆ ತನ್ನ ಕೆಲಸ ಮಾಡಿತ್ತು. ಯಾವಾಗ ಮಾಡಿತೋ ಅವರಿಗೆ ಗೊತ್ತಿಲ್ಲ. ಎಷ್ಟೋ ಸಾವಿರ ಸಲ ಮಾಡಿದ ಕೆಲಸ, ಮನಸ್ಸನ್ನು ಕೇಳಿ ಮಾಡುವಂಥದ್ದಾಗಿ ಉಳಿದಿರಲಿಲ್ಲ.

ಬಡಗಿ ಕಣ್ಣೊರೆಸಿಕೊಳ್ಳುತ್ತಾ ಬಂದು ಪಕ್ಕದಲ್ಲಿ ನಿಂತರು. "ಹಾಕು. ಮೊದಲಿಂದ ಹಾಕು. ನೀನೂ ನೋಡು."

ಅವರು ಗಂಡನ ಕಡೆ ತಿರುಗಲೇಬೇಕಾಯಿತು. ತುಟಿ ಕಾಣದೆ ಹೇಳುವ ಹಾಗಿರಲಿಲ್ಲ.

"ಉಳೀಲಿಲ್ಲ ರೀ."

"ಏನು ಉಳೀಲಿಲ್ಲ?"

"ಏನೂ ಉಳೀಲಿಲ್ಲ. ಸ್ವಿಚ್ಚು ಕೆಳಗಿತ್ತು. ನಾನೇ ಮಾಡಿದ್ದು."

ಬಡಗಿ ಅವರ ತುಟಿಯನ್ನೇ ನೋಡುತ್ತಾ ನಿಂತರು, ಇನ್ನೇನಾದರೂ ಬರುತ್ತದೇನೋ ಎಂಬಂತೆ. ಆಮೇಲೆ ತಮ್ಮ ಆ ದೊಡ್ಡ ಧ್ವನಿಯಲ್ಲಿ ಅಂದರು: "ನಿನ್ನ ಕೈಲಿ ತಪ್ಪೇ ಆಗಲ್ಲ ಅಂತಿದ್ರಲ್ಲ ಎಲ್ಲರೂ!" ಕೆಳಗಿನ ಮಹಡಿಯ ಕಾವಲಿನವನಿಗೂ ಅದು ಕೇಳಿತಂತೆ. ಒಬ್ಬರು ಮುಂದೆ, ಒಬ್ಬರು ಹಿಂದೆ ನಡೆದು ಮನೆಗೆ ಬಂದರು. ಕಿಟಕಿಯಿಂದ ಅವರು ಬರುವುದನ್ನು ನೋಡಿ ನಾನು ಯಂತ್ರದ ಬಳಿಗೆ ಮರಳಿದೆ.

ಅದಾಗಿ ಒಂಬತ್ತು ದಿನ ಕೆಳಗಿನ ಮನೆಯಿಂದ ಮರ ಹೆರೆಯುವ ಕೀಸುಳಿಯ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಆ ಎರಡು ಭಾನುವಾರವೂ ಬೋರ್ಡಕ್ಕ ಮೇಲೆ ಬರಲಿಲ್ಲ. ನನ್ನ ಸೂಜಿಗೆ ನಾನೇ ದಾರ ಪೋಣಿಸಿಕೊಂಡೆ, ಮೂರು ಸಲ ತಪ್ಪಿತು.

ಹತ್ತನೇ ದಿನ ಸಂಜೆ ನಾನು ಪ್ರಾರ್ಥನೆಗೆ ಕೂತಿದ್ದೆ. ಕೆಳಗಿನಿಂದ ಬಡಗಿಯ ಧ್ವನಿ ಬಂತು. ಮೊದಲು ಬೈಯುತ್ತಿದ್ದಾರೆ ಅಂದುಕೊಂಡೆ. ಅಲ್ಲ.

"ಕಿವಿ ಮೇಲೆ ನನ್ನ ಪೆನ್ಸಿಲ್ ಸಿಕ್ಕಿಸ್ಕೊಂಡಿದ್ಲು! ನಿಲ್ತಿರ್ಲಿಲ್ಲ, ಜಾರ್ತಿತ್ತು. ಮತ್ತೆ ಸಿಕ್ಕಿಸ್ಕೋತಿದ್ಲು. ನಾನು ಮಾಡ್ತಿದ್ದ ಸ್ಟೂಲ್ ಇತ್ತಲ್ಲ, ಅದನ್ನ ಗೇಣು ಹಾಕಿ ಅಳೀತಿದ್ಲು. ಒಂದು, ಎರಡು, ಐದು. ಮೂರು ನಾಲ್ಕು ಎರಡನ್ನೂ ನುಂಗಿದ್ಲು ಕಣೇ!"

ಬೋರ್ಡಕ್ಕ ಏನೋ ಕೇಳಿರಬೇಕು.

"ಹೂಂ, ಎಣಿಸ್ತಾ ಹಾಗೇ ಅಂದ್ಲು. ತುಟಿ ಕಾಣ್ತಿತ್ತಲ್ಲ. ಇಷ್ಟು ವರ್ಷ ಮತ್ತೆ ನಾನು ಯಾರ ಮಾತನ್ನ ಕಿವೀಲಿ ಕೇಳಿದೀನಿ? ತಮ್ಮ ಏನೋ ಕೇಳ್ದ ಅನ್ಸುತ್ತೆ, ಅದಕ್ಕೆ ಇವಳು ಅಂದ್ಲು, 'ಇದು ಅಮ್ಮ ಕೂತ್ಕೊಳ್ಳೋಕೆ. ಅಪ್ಪ ಮಾಡ್ತಾರೆ, ನಾನು ಹೇಳ್ಕೊಡ್ತೀನಿ.' ಹೇಳ್ಕೊಡ್ತಾಳಂತೆ, ನಂಗೆ!"

ನಾನು ಕೈ ಮುಗಿದಿದ್ದು ಹಾಗೇ ಇತ್ತು. ಬೇರೆಯವರ ಮನೆಯ ಮಾತನ್ನು ಕದ್ದು ಕೇಳಬಾರದೆಂದು ಗೊತ್ತು. ಎದ್ದು ಹೋಗಲು ಆಗಲಿಲ್ಲ.

"ಕೊನೇಲಿ ತಿರುಗಿ ನೋಡಿದ್ಲು. ಗೇಟು ಸದ್ದಾಗಿರಬೇಕು. 'ಅಮ್ಮ ಬಂದ್ಲು' ಅಂದ್ಲು. ಓಡಿದ್ಲು. ಆಮೇಲೆ ಸ್ಟೂಲ್ ಒಂದೇ ಇತ್ತು. ಅಷ್ಟೇ."

ಬೋರ್ಡಕ್ಕ ಇನ್ನೂ ಏನೋ ಕೇಳಿದ ಹಾಗಾಯಿತು. ಮತ್ತೆ ಬಡಗಿಯ ಧ್ವನಿ ಬಂತು, ಈ ಸಲ ಅವರಿಗೆ ಸಾಧ್ಯವಾದಷ್ಟು ಮೆತ್ತಗೆ. "ಅದನ್ನ ಕೇಳ್ಬೇಡ. ನಂಗೂ ನೆನಪಿಲ್ಲ. ಕಿವಿ ಹೋಗೋವಾಗ ಅವಳ ಧ್ವನೀನೂ ತಗೊಂಡು ಹೋಯ್ತು."

ಅಂದಿನಿಂದ ದಿನಾ ಸಂಜೆ ಆ ಮನೆಯಲ್ಲಿ ಬಡಗಿಯ ಬಾಯಲ್ಲಿ ಆ ಕ್ಯಾಸೆಟ್ಟು ಓಡುತ್ತದೆ. ಬೋರ್ಡು ಗುಜರಿಗೆ ಹೋಗಿ ಎಷ್ಟೋ ತಿಂಗಳಾಯಿತು. ಬೋರ್ಡಕ್ಕ ಮತ್ತೆ ಭಾನುವಾರ ಮೇಲೆ ಬರುತ್ತಾರೆ. ಸೆರಗಿನಲ್ಲಿ ಆ ಪೆನ್ನಿಲ್ಲ, ಪಿನ್ನು ಹಾಗೇ ಇದೆ.

"ದಿನಾ ಒಂದಿಷ್ಟು ಹೊಸದು ಹೇಳ್ತಾರೆ ಅಕ್ಕ. ಬೆಕ್ಕು ಬಂತು ಅಂತಾರೆ, ಅದಕ್ಕೆ ಪಾಠ ಹೇಳಿದ್ಲು ಅಂತಾರೆ. ನಾನು ಲೆಕ್ಕ ಹಾಕಿದೀನಿ. ಹನ್ನೊಂದು ನಿಮಿಷದಲ್ಲಿ ಇಷ್ಟೆಲ್ಲ ಹಿಡಿಸಲ್ಲ."

"ಅವರಿಗೆ ಹೇಳಿದ್ರಾ?"

"ಯಾಕೆ ಹೇಳ್ಲಿ?"

ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಒಂದೇ ಸಲಕ್ಕೆ ಪೋಣಿಸಿದರು.

"ಅವರು ಅವಳ ಮಾತು ಹೇಳೋವಾಗ ನಾನು ಕಣ್ಣು ಮುಚ್ಕೋತೀನಿ ಅಕ್ಕ. ಆ ಒರಟು ಧ್ವನೀನ ಸಣ್ಣ ಮಾಡ್ತಾ ಮಾಡ್ತಾ ಹೋಗ್ತೀನಿ, ನಾಲ್ಕೂವರೆ ವರ್ಷದ ಹುಡುಗಿಯಷ್ಟು. ಸ್ವಲ್ಪ ದೂರ ಬರುತ್ತೆ. ಆಮೇಲೆ ಅವರದೇ ಆಗ್ಬಿಡುತ್ತೆ."

ಸೂಜಿಯನ್ನು ನನ್ನ ಕೈಗೆ ಕೊಟ್ಟು, ಸಂಜೆಯಾಯಿತೆಂದು ಎದ್ದು, ಕೆಳಗೆ ಹೋದರು.