ಕಂದೀಲು ಇಳಿಸಿದ ಕೈ

ಸೀತವ್ವನಿಗೆ ಕ್ಯಾಮೆರಾ ಕಂಡರೆ ಹೆದರಿಕೆ ಇರಲಿಲ್ಲ. ಯಲ್ಲಮ್ಮನ ಗುಡ್ಡದಲ್ಲಿ ಚೌಡಕಿ ಹಿಡಿದು ಹಾಡುವವಳಿಗೆ ಫೋಟೊ ತೆಗೆಯುವವರೇನು ಹೊಸಬರೇ? ಅವಳನ್ನು ನಡುಗಿಸಿದ್ದು ಬೇರೆ ಸುದ್ದಿ. ಹೋದ ವರ್ಷ ಕ್ಲೇರ್ ಎಂಬ ಫ್ರಾನ್ಸಿನ ಹೆಣ್ಣುಮಗಳು ಅವಳ ಮೇಲೆ ತೆಗೆದುಕೊಂಡು ಹೋಗಿದ್ದ ಸಿನಿಮಾ ಈಗ ಸವದತ್ತಿಗೇ ಬರುತ್ತದಂತೆ!

ಕ್ಲೇರ್ ಬಂದದ್ದು ಹಾಡಿಗಾಗಿ. ಹಾಡು ಮುಗಿದ ಮೇಲೆ ನೆಲದ ಮೇಲೆ ಕೂತು ಚಹಾ ಕುಡಿಯುತ್ತ, ಜೊತೆಗಿದ್ದ ಕನ್ನಡದವರಿಂದ ಸೀತವ್ವನ ಗಂಡನ ವಿಚಾರ ಕೇಳಿಸಿದಳು. ಪರದೇಶದಲ್ಲಿ ತೋರಿಸುವ ಸಿನಿಮಾ, ನಮ್ಮ ಮಂದಿ ಯಾಕೆ ನೋಡುತ್ತಾರೆ ಅಂದುಕೊಂಡ ಸೀತವ್ವ ಎದೆಯಲ್ಲಿದ್ದದ್ದನ್ನೆಲ್ಲ ಹೇಳಿಬಿಟ್ಟಳು. ಊರ ಮಂದಿಗೆ ಹೇಳದ್ದನ್ನು ದೂರದವರಿಗೆ ಹೇಳಿದರೆ ಹೇಳಿದಂತಲ್ಲ ಎಂದು ನಂಬಿದ್ದಳು, ಪಾಪ.

ಅವಳ ಗಂಡ ರಾಯಪ್ಪ ಬಾವಿಯ ಹೂಳು ತೆಗೆಯುವವ. ಹಳೆ ಬಾವಿಗೆ ಇಳಿಯುವ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುವುದು ಅವರ ರೂಢಿ. ದೀಪ ಆರಿದರೆ ಒಳಗಿನ ಗಾಳಿ ಕೆಟ್ಟಿದೆ ಎಂದರ್ಥ, ಅವತ್ತು ಯಾರೂ ಇಳಿಯುವುದಿಲ್ಲ. ಧಣಿ ನಿಜಗುಣಪ್ಪನ ಬಾವಿಯಲ್ಲಿ ಕಂದೀಲು ಎರಡು ಸಲ ಆರಿತು. ಇಳಿಸಿದವಳು ಸೀತವ್ವನೇ.

"ನಾಳಿ ಇಳೀತೇನ್ರಿ ಧಣ್ಯಾರ," ಎಂದ ರಾಯಪ್ಪ.

"ನಾಳಿ ನಮ್ಮನ್ಯಾಗ ಮದವಿ ಐತಿ, ನೀರ ಬೇಕು. ಇಳೀತಿಯೋ, ಮನಿ ಖಾಲಿ ಮಾಡ್ತಿಯೋ?" ಎಂದ ಧಣಿ. ಮನೆ ಇದ್ದದ್ದು ಅವನ ಜಾಗದಲ್ಲಿ.

ರಾಯಪ್ಪ ಇಳಿದ. ಮೇಲೆ ಬಂದದ್ದು ಅವನ ಹೆಣ. ಕುಡಿದು ಇಳಿದ, ಜಾರಿ ಬಿದ್ದ ಎಂದು ಧಣಿ ಹೇಳಿದ, ಊರು ಅದನ್ನೇ ಹೇಳಿತು. ಸೂರು ಹೋದೀತೆಂಬ ಹೆದರಿಕೆಗೆ ಸೀತವ್ವ ತುಟಿ ಹೊಲಿದುಕೊಂಡಳು. ಮಗಳು ಸಂಘಮಿತ್ರಾ 'ಕುಡುಕನ ಮಗಳು' ಅನ್ನಿಸಿಕೊಂಡೇ ಬೆಳೆದಳು. ಒಂದು ದಿನ ಗೋಡೆಯ ಮೇಲಿದ್ದ ಅಪ್ಪನ ಫೋಟೊ ಕಿತ್ತು ಟ್ರಂಕಿಗೆ ಹಾಕಿದಳು. ಅದನ್ನು ನೋಡಿಯೂ ತಾಯಿ ಮಾತಾಡಲಿಲ್ಲ. ಎಂಥ ಹೆದರಿಕೆ ನೋಡಿ ಅದು!

ಈಗ ಸವದತ್ತಿಯ ಸಭಾಭವನದಲ್ಲಿ ಫ್ರೆಂಚ್ ಸಾಕ್ಷ್ಯಚಿತ್ರ, ಕಿರುಚಿತ್ರಗಳ ಪ್ರದರ್ಶನ. ಮುಖ್ಯ ಅತಿಥಿ ಯಾರು? ನಿಜಗುಣಪ್ಪ ಧಣಿ! ಸೀತವ್ವ ಹೋಗದಿರಲು ನೆಪ ಹುಡುಕಿದಳು. ಜ್ವರ ಬಂದೈತಿ ಅಂದಳು, ಹೊಟ್ಟಿ ನೋಯ್ತೈತಿ ಅಂದಳು. ಮಗಳು ಬಿಡಬೇಕಲ್ಲ.

"ಸಿನಿಮಾದಾಕಿ ನೀ, ಮನ್ಯಾಗ ಕುಂತ್ರ ಹೆಂಗವ್ವಾ? ಏಳ," ಎಂದು ಎಳೆದುಕೊಂಡೇ ಹೋದಳು.

ಧಣಿ ಮುಂದಿನ ಸಾಲಿನಲ್ಲಿ ಕೂತಿದ್ದ. ಮೊದಲು ಯಾವುದೋ ಗಿರಣಿಯ ಕೆಲಸಗಾರರು ಬಾವುಟ ಹಿಡಿದು ಕೂಗಿದರು. ಆಮೇಲೆ ಒಬ್ಬ ಮುದುಕ ಮಾತಿಲ್ಲದೆ ಮಣ್ಣಿನ ಗೊಂಬೆ ಮಾಡಿದ. ಆಮೇಲೆ ಪರದೆಯ ತುಂಬ ಸೀತವ್ವನ ಮುಖ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಹಾಡು ಮುಗಿದು ಮಾತು ಶುರುವಾಯಿತು. ಎರಡು ಶಬ್ದ ಕೇಳಿಸಿತು, ಅಷ್ಟೇ. ಅವಳ ದನಿಯ ಮೇಲೆ ಯಾರೋ ಹೆಂಗಸಿನ ಫ್ರೆಂಚ್ ಮಾತು ಬಂದು ಕೂತಿತು. ಪರದೆಯ ಕೆಳಗೆ ಕನ್ನಡದ ಅಕ್ಷರವೂ ಇಲ್ಲ. ಸೀತವ್ವನಿಗೆ ಹೋದ ಜೀವ ಬಂದಂತಾಯಿತು. ತಾಯಿ ಯಲ್ಲವ್ವಾ, ನೀನೇ ಕಾಯ್ದಿ!

"ಏನ ಫ್ರೆಂಚ್ ಹೊಡೀತಾಳಪಾ ನಮ್ಮ ಸೀತವ್ವ!" ಎಂದ ಧಣಿ. ಸಭೆಯೆಲ್ಲ ನಕ್ಕಿತು.

ಅಷ್ಟರಲ್ಲಿ ಪರದೆಯ ಸೀತವ್ವ ಕೈ ಎತ್ತಿದಳು. ಇಲ್ಲದ ಹಗ್ಗವನ್ನು ಮೆಲ್ಲಗೆ, ಮೆಲ್ಲಗೆ ಕೆಳಗೆ ಬಿಟ್ಟಳು. ಬಗ್ಗಿ ನೋಡಿದಳು. ಉಫ್ ಎಂದು ಊದಿ ತೋರಿಸಿದಳು. ಎರಡು ಬೆರಳು ಎತ್ತಿದಳು. ಆಮೇಲೆ ಅದೇ ಕೈಯಿಂದ ಹಣೆ ಚಚ್ಚಿಕೊಂಡಳು.

ಬಾವಿಗೆ ಕಂದೀಲು ಇಳಿಸುವುದನ್ನು ಕಂಡು ಬೆಳೆದ ಮಂದಿಗೆ ಅದಕ್ಕೆ ಯಾವ ಭಾಷೆ ಬೇಕು? ನಗು ನಿಂತುಹೋಯಿತು.

ದೀಪ ಹತ್ತಿದಾಗ ಧಣಿ ಹಿಂದೆ ತಿರುಗಿದ್ದ. ದನಿ ಮೆತ್ತಗಿತ್ತು, ಕಣ್ಣು ಮೆತ್ತಗಿರಲಿಲ್ಲ. "ಅದು ಹಾಡಿನ ಅಭಿನಯ, ಹೌದಲ್ಲೇನ ಸೀತವ್ವ?"

'ಹೌದ್ರಿ' ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಇಷ್ಟು ವರ್ಷ ಸೂರು ಕಾಯ್ದ ಮಾತು ಅದೇ. ಆದರೆ ಸಂಘಮಿತ್ರಾ ಧಣಿಯನ್ನು ನೋಡುತ್ತಿರಲಿಲ್ಲ, ತಾಯಿಯನ್ನೇ ನೋಡುತ್ತಿದ್ದಳು.

"ಯವ್ವಾ, ಆ ಕಂದೀಲ ಯಾರದು?"

ಸೀತವ್ವ ಎದುರಿನ ಕುರ್ಚಿ ಹಿಡಿದುಕೊಂಡಳು. "ನಿಮ್ಮಪ್ಪಂದು. ಎರಡ ಸಲ ಆರಿತ್ತವ್ವಾ. ಇಳೀಲಿಕ್ಕೇ ಬೇಕು ಅಂದ್ರು ಈ ಧಣ್ಯಾರು. ನಿಮ್ಮಪ್ಪ ಅವತ್ತ ಕುಡದಿರಲಿಲ್ಲ."

ಧಣಿ ಎದ್ದು ಹೊರಗೆ ಹೋದ. ಸತ್ಯ ಹೇಳಿದರೆ ಎದೆ ಹಗುರಾಗುತ್ತದೆ ಅನ್ನುತ್ತಾರಲ್ಲ, ಅದೆಲ್ಲ ಸುಳ್ಳು. ಬಸ್ಸಿನಲ್ಲಿ ಸೀತವ್ವ ಮೊದಲಿಗಿಂತ ಹೆಚ್ಚು ನಡುಗುತ್ತಿದ್ದಳು.

ಮನೆಗೆ ಬಂದ ಸಂಘಮಿತ್ರಾ ಚಪ್ಪಲಿ ಬಿಡದೆ ಟ್ರಂಕು ತೆರೆದಳು. ಅಪ್ಪನ ಫೋಟೊ ತೆಗೆದು, ವೇಲಿನಿಂದ ಒರೆಸಿ, ಒರೆಸಿ, ಅತ್ತಳು. ಆಮೇಲೆ ಮೊಳೆ ಹುಡುಕತೊಡಗಿದಳು.

"ಈ ಗ್ವಾಡಿ ನಾಳಿ ನಮ್ಮದಿರತೈತೋ ಇಲ್ಲೋ ಮಗಳ," ಎಂದಳು ಸೀತವ್ವ.

"ಇರೂತನಕಾರ ಅಪ್ಪ ಇದರ ಮ್ಯಾಲ ಇರಲಿ," ಎಂದು ಸಂಘಮಿತ್ರಾ ಮೊಳೆ ಹೊಡೆದಳು.