ಹೆಸರು ಬದಲಿಸಿದ ಫೈಲು

ಕಳೆದ ವಾರ ಆಫೀಸಿನ ಬೀರು ಖಾಲಿ ಮಾಡುವಾಗ ಒಂದು ತೆಳು ನೀಲಿ ಕೇಬಲ್ ಸಿಕ್ಕಿತು. ಚಪ್ಪಟೆ ವೈರು, ಒಂದು ತುದಿಯಲ್ಲಿ ಫೋನಿನದರಂಥ ಪಿನ್ನು, ಇನ್ನೊಂದು ತುದಿಯಲ್ಲಿ ಎರಡು ಸ್ಕ್ರೂ ಇರುವ ಅಗಲ ಮೂತಿ. ಗುಜರಿಗೆ ಹಾಕೋಣವಾ ಮೇಡಂ ಎಂದು ಜೊತೆಗಿದ್ದ ಅಟೆಂಡರ್ ಕೇಳಿದರು. ಬೇಡ ಎಂದು ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಇಂಥದೇ ಕೇಬಲನ್ನು ಕೈಗೆ ಕೊಟ್ಟು ನನಗೆ ಕೆಲಸ ಕಲಿಸಿದವರು ನಮ್ಮ ನೆಟ್‌ವರ್ಕ್ ಸರ್.

ಯಾವುದೋ ಕಾರ್ಖಾನೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು. ವರ್ಷ ವರ್ಷದ ಕಾಂಟ್ರಾಕ್ಟಿನ ಮೇಲೆ ಶಿವಮೊಗ್ಗದ ನಮ್ಮ ಕಾಲೇಜಿಗೆ ಬಂದಿದ್ದರು. ನೆಟ್‌ವರ್ಕ್ ಸ್ವಿಚ್ ಎಂದರೆ ದೀಪ ಹಾಕುವ ಸ್ವಿಚ್ಚಲ್ಲ, ಕಟ್ಟಡದ ಎಲ್ಲ ಕಂಪ್ಯೂಟರ್‌ಗಳ ವೈರು ಬಂದು ಸೇರುವ ಪೆಟ್ಟಿಗೆ. ಯಾವ ವೈರು ಯಾವ ಲ್ಯಾಬಿನದು, ಯಾರು ಎಲ್ಲಿಗೆ ಹೋಗಬಹುದು ಎಂಬುದನ್ನೆಲ್ಲ ಅದಕ್ಕೆ ಸಾಲು ಸಾಲಾಗಿ ಬರೆದುಕೊಡಬೇಕು. ಬರೆದದ್ದನ್ನು ಸೇವ್ ಮಾಡದಿದ್ದರೆ ಕರೆಂಟ್ ಹೋಗಿ ಬಂದಾಗ ಪೂರ್ತಿ ಮರೆತುಬಿಡುತ್ತದೆ. ಅದಕ್ಕೇ ಸರ್ ದಿನಕ್ಕೆ ಹತ್ತು ಸಲ ಕೇಳುತ್ತಿದ್ದರು, "ಸೇವ್ ಮಾಡಿದ್ಯಾ ಮಾರಾಯ್ತಿ?" ನನ್ನ ಮದುವೆ ಗೊತ್ತಾಗಿದೆ ಎಂದು ಹೇಳಿದಾಗಲೂ ಅದನ್ನೇ ಕೇಳಿ, ಆಮೇಲೆ ತಾವೇ ನಕ್ಕರು.

ಪೆಟ್ಟಿಗೆಯೇ ಸುಟ್ಟುಹೋದರೆ? ಅದಕ್ಕೆ ಬರೆದದ್ದರ ಒಂದು ಪ್ರತಿ ನಮ್ಮ ಹತ್ತಿರ ಇರಬೇಕು. ಶನಿವಾರ ಶನಿವಾರ ಆ ಪ್ರತಿ ತೆಗೆದು, ಫೈಲಿಗೆ ಆ ದಿನದ ತಾರೀಕಿನ ಹೆಸರಿಟ್ಟು ಸರ್‌ಗೆ ಕಳಿಸಬೇಕು. ಶಿವಮೊಗ್ಗದ್ದು ಅವರ ಪಾಲು, ಭದ್ರಾವತಿ ಶಾಖೆಯದ್ದು ನನ್ನ ಪಾಲು. ಭದ್ರಾವತಿಯ ಸ್ವಿಚ್ಚು ಹಳೆಯದು. ಅದರ ಎದುರಿಗೇ ಕೂತು, ಆ ನೀಲಿ ಕೇಬಲ್ ಚುಚ್ಚಿಯೇ ತೆಗೆಯಬೇಕಿತ್ತು.

ಮೊದಮೊದಲು ನಿಯತ್ತಾಗಿ ಹೋದೆ. ದುರ್ಗಿಗುಡಿಯ ಮನೆಯಿಂದ ನಡೆದು ಬಸ್ ಸ್ಟ್ಯಾಂಡು, ಅಲ್ಲಿಂದ ನಿಂತುಕೊಂಡೇ ಭದ್ರಾವತಿ, ಐದು ನಿಮಿಷದ ಕೆಲಸ, ಮತ್ತೆ ವಾಪಸು. ಒಂದು ಶನಿವಾರ ಸುಮ್ಮನೆ ಹಿಂದಿನ ವಾರದ ಫೈಲನ್ನೇ ತೆಗೆದುಕೊಂಡು, ಹೆಸರಿನಲ್ಲಿ ತಾರೀಕು ಮಾತ್ರ ಬದಲಿಸಿ ಕಳಿಸಿದೆ. ಯಾರಿಗೂ ಗೊತ್ತಾಗಲಿಲ್ಲ. ಮುಂದಿನ ವಾರವೂ ಹಾಗೇ… ಯಾವ ದೊಡ್ಡ ಕಾರಣವೂ ಇರಲಿಲ್ಲ. ಸೋಮಾರಿತನ, ಅಷ್ಟೇ. ಮಧ್ಯಾಹ್ನ ಊಟ ಮಾಡಿ ಹಾಯಾಗಿ ಮಲಗುತ್ತಿದ್ದೆ.

ಈ ನಡುವೆ ಭದ್ರಾವತಿಯಲ್ಲಿ ಹೊಸ ಲ್ಯಾಬೊಂದು ಆಯಿತು. ಸರ್ ತಾವೇ ಎರಡು ದಿನ ಕೂತು ಅದನ್ನೆಲ್ಲ ಸ್ವಿಚ್ಚಿಗೆ ಬರೆದು ಬಂದರು. ಆಗಲಾದರೂ ಒಂದು ಸಲ ಹೋಗಿ ಹೊಸ ಪ್ರತಿ ತೆಗೆಯಬೇಕು ಅನ್ನಿಸಿತ್ತು ನನಗೆ. ಅನ್ನಿಸಿದ್ದಷ್ಟೇ.

ಆನ್‌ಲೈನ್ ಪರೀಕ್ಷೆಯ ದಿನ ಬೆಳಿಗ್ಗೆ ಆ ಸ್ವಿಚ್ಚು ಸುಟ್ಟಿತು. ಸರ್ ಮತ್ತು ನಾನು ಬೇರೊಂದನ್ನು ಹೊತ್ತುಕೊಂಡು ಹೋದೆವು. "ಹತ್ತು ನಿಮಿಷ ಕೊಡಿ, ಫೈಲ್ ಹಾಕಿದ್ರೆ ಆಯ್ತು" ಎಂದು ಪ್ರಿನ್ಸಿಪಾಲರಿಗೆ ಧೈರ್ಯವಾಗಿ ಹೇಳಿದರು. ಈಗಲೇ ಹೇಳಿಬಿಡೋಣ ಎಂದು ಬಾಯಿಗೆ ಬಂತು, ಹೇಳಲಿಲ್ಲ. ಫೈಲು ಹಾಕಿದರು. ಹಳೆಯ ಕೋಣೆಗಳು ಬಂದವು. ಪರೀಕ್ಷೆ ನಡೆಯಬೇಕಿದ್ದ ಹೊಸ ಲ್ಯಾಬು ಬರಲೇ ಇಲ್ಲ.

ಸರ್ ಫೈಲನ್ನು ತೆರೆದು ಮೊದಲಿನಿಂದ ಓದಿದರು. ಕೊನೆಯ ಬದಲಾವಣೆ ಯಾವಾಗ ಆಯಿತೆಂದು ಸ್ವಿಚ್ಚು ತಾನೇ ಮೇಲೆ ಒಂದು ಸಾಲು ಬರೆದಿರುತ್ತದೆ. ಹೆಸರಿನಲ್ಲಿ ಹೋದ ಶನಿವಾರದ ತಾರೀಕು, ಒಳಗೆ ನಾಲ್ಕು ತಿಂಗಳ ಹಿಂದಿನದು. ಕನ್ನಡಕ ಹಣೆಯ ಮೇಲೇ ಇತ್ತು, ಹಾಗೇ ಓದಿದರು. ನನ್ನ ಮುಖ ನೋಡಿದರು. ಫೈಲು ಮುಚ್ಚಿದರು.

"ಗೋಡೆ ಸಾಕೆಟ್ಟಿನ ಮೇಲಿರೋ ನಂಬರ್ ಓದ್ತಾ ಹೋಗು" ಎಂದಷ್ಟೇ ಹೇಳಿ ನೆಲದ ಮೇಲೆ ಕೂತರು. ಒಂದೊಂದೇ ವೈರು ಎಳೆದು ನೋಡಿ, ಮೊದಲಿನಿಂದ ಬರೆದರು. ಮುಗಿದಾಗ ಮಧ್ಯಾಹ್ನ ದಾಟಿತ್ತು. ಅಷ್ಟರಲ್ಲಿ ಪರೀಕ್ಷೆ ಮುಂದಕ್ಕೆ ಹಾಕಿ ಮಕ್ಕಳನ್ನು ಮನೆಗೆ ಕಳಿಸಿದ್ದರು. ಯಾರ ತಪ್ಪು ಎಂದು ಪ್ರಿನ್ಸಿಪಾಲರು ಕೇಳಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ.

"ಫೈಲ್ ಸರಿಯಿದ್ಯಾ ಅಂತ ನೋಡೋದು ನನ್ ಕೆಲಸ. ನಾನು ನೋಡಿಲ್ಲ ಸರ್" ಎಂದರು ನಮ್ಮ ಸರ್.

ಆ ವರ್ಷ ಅವರ ಕಾಂಟ್ರಾಕ್ಟು ಮುಂದುವರಿಯಲಿಲ್ಲ. ಅವರ ಕುರ್ಚಿ ನನಗೆ ಬಂತು. ಹೋಗುವ ದಿನ ಪಾಸ್‌ವರ್ಡುಗಳನ್ನೆಲ್ಲ ಬರೆದುಕೊಟ್ಟು, "ಬರ್ತೀನಿ ಮಾರಾಯ್ತಿ" ಎಂದರು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆನೇನೋ… ಅವರು ಬೈಯಲಿಲ್ಲ. ನಾನೂ ತಪ್ಪಾಯಿತು ಎನ್ನಲಿಲ್ಲ. ಆಮೇಲೆ ಅವರ ಮನೆಗೆ ಹೋಗಬೇಕೆಂದು ಎಷ್ಟೋ ಸಲ ಹೊರಟು, ಆಲ್ಕೊಳ ಸರ್ಕಲ್‌ವರೆಗೆ ಹೋಗಿ ಗಾಡಿ ತಿರುಗಿಸಿದ್ದೇನೆ.

ಹೋದ ತಿಂಗಳು ಸರ್ ತೀರಿಕೊಂಡ ಸುದ್ದಿ ಬಂತು. ಈ ಸಲ ಗಾಡಿ ತಿರುಗಿಸಲಿಲ್ಲ. ಅವರ ಹೆಂಡತಿ ಗುರುತು ಹಿಡಿದು ಒಳಗೆ ಕೂರಿಸಿ, ಬೇಡವೆಂದರೂ ಕಾಫಿ ಕೊಟ್ಟರು.

"ಕಾಲೇಜು ಅಂದ್ರೆ ಜೀವ ಅವ್ರಿಗೆ. ಕಣ್ಣು ಮಂಜಾಯ್ತಲ್ಲಮ್ಮ, ಅಕ್ಷರ ಕಾಣಲ್ಲ, ಯಾರಿಗೂ ತೊಂದ್ರೆ ಆಗ್ಬಾರ್ದು ಅಂತ ತಾವೇ ಬಿಟ್ಟು ಬಂದ್ರು" ಎಂದರು.

ನಾನು ಹೂಂ ಎಂದೆ. ಕಾಫಿ ಕುಡಿದು, ಕೈ ಮುಗಿದು ಎದ್ದು ಬಂದೆ. ಅಲ್ಲಿಯೂ ಬಾಯಿ ಬಿಡಲಾಗದ ನನ್ನ ಮೇಲೆ ನನಗೇ ಅಸಹ್ಯವಾಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಂದು ನನಗೆ ಕಾಫಿ ಕೊಟ್ಟ ಅಮ್ಮ, ನೀವು ಇದನ್ನು ಓದುತ್ತೀರೋ ಇಲ್ಲವೋ ಗೊತ್ತಿಲ್ಲ. ಸರ್ ಕಣ್ಣು ಸರಿಯಾಗಿಯೇ ಇತ್ತು. ಅವರ ಕೆಲಸ ಹೋದದ್ದು ನನ್ನಿಂದ.