ಬಾಟಲಿಯೊಳಗಿನ ಬಾಳೆಗೆ ದೃಷ್ಟಿ

ಮಂಗಳವಾರ, ಬೆಳಿಗ್ಗೆ ಆರೂಕಾಲು ಗಂಟೆ. ಸ್ಥಳ: ಬ್ಯಾಡಗಿಯಲ್ಲಿ ನಮ್ಮ ಪಕ್ಕದ ಮನೆಯ ಹಿಂದಿನ ಕೋಣೆ. ಹಾಜರಿದ್ದವರು: ನಾನು, ಆ ಮನೆಯ ಯಜಮಾನಿ ಮೆಹಬೂಬಿ, ಅವರ ಸೊಸೆ ನಸೀಮಾ, ಮತ್ತು ಕಪಾಟಿನ ತುಂಬ ಬಾಟಲಿಗಳಲ್ಲಿ ಬಾಳೆ ಸಸಿಗಳು. (ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿ ಆಯುಷ್ಯ ಕಳೆದವಳು ನಾನು. ಯಾರ್ಯಾರಿದ್ದರು ಎಂದು ಮೊದಲು ಬರೆಯದೆ ಪೆನ್ನು ಮುಂದಕ್ಕೆ ಹೋಗುವುದಿಲ್ಲ.)

ನಸೀಮಾ ಅಳುತ್ತಿರಲಿಲ್ಲ. ಅದೇ ನನಗೆ ಭಯ ಹುಟ್ಟಿಸಿತು.

“ಅಮ್ಮಿ, ಎಲ್ಲಾ ಬಾಟ್ಲಿ ಮುಚ್ಚಳಾನೂ ತಗದ್ರಿ?”

“ಎಲ್ಲಾ ತಗದೇನಿ. ಒಂದಕ್ಕ ಮಾಡಿ ಇನ್ನೊಂದಕ್ಕ ಬಿಡಾಕ ಬರ್ತೈತೇನು? ದೃಷ್ಟಿ ತಗದು, ಸೆರಗಲೆ ಬಾಯಿ ಒರಸಿ, ಬಿಗಿಯಾಗಿ ಮುಚ್ಚೇನಿ ಬೇಟಾ. ಧೂಳ ಕುಂದರಬಾರ್ದಲ್ಲ.”

ಸೆರಗಿನಿಂದ.

ನಡೆದದ್ದಿಷ್ಟು. ಹಿಂದಿನ ಸಂಜೆ ಹಾವೇರಿಯಿಂದ ಬೀಗರು ಬಂದಿದ್ದರು. ಕೋಣೆಯ ಬಾಗಿಲಲ್ಲೇ ನಿಂತು ನೋಡಿ, “ಏನ್ ಹಸರ ಅದಾವ, ಗಾಜಿನಾಗ ಕೂಸು ಮಲಗಿಸಿದಂಗ” ಎಂದು ಹೊಗಳಿದರು. ಅಷ್ಟು ಸಾಕಾಯಿತು. ಬೀಗರು ಬಸ್ಸು ಹತ್ತಿದ್ದೇ ತಡ, ಸೊಸೆ ಅಂಗಡಿಗೆ ಹೋದ ಸಮಯ ನೋಡಿ, ಮೆಹಬೂಬಿ ಉಪ್ಪು ಮೆಣಸಿನಕಾಯಿ ಹಿಡಿದು ಕೋಣೆಗೆ ನುಗ್ಗಿದರು. ಆದರೆ ಮುಚ್ಚಳ ತೆಗೆದದ್ದೇಕೆ? ಅದನ್ನೂ ಕೇಳಿದೆ.

“ನೀವ ಹೇಳ್ರಿ ಅಕ್ಕಾರ. ಗಾಜಿನ ಹೊರಗ ಇಳಿಸಿದ್ರ ಗಾಜಿನ ದೃಷ್ಟಿ ಹೋಗ್ತೈತಿ. ಗಿಡದ್ದು ಹೋಗ್ತೈತೇನು?”

ಇದಕ್ಕೆ ನಿಮ್ಮ ಬಳಿ ಉತ್ತರವಿದೆಯೆ?

“ಮತ್ತ ಮೆಣಸಿನಕಾಯಿ ಸುಟ್ರ ಘಾಟ ಬರ್ಲಿಲ್ಲ,” ಎಂದು ಅವರೇ ಮುಂದುವರಿಸಿದರು. “ಅಂದ್ರ ಎಂಥಾ ದೃಷ್ಟಿ ತಾಕಿರಬೇಕು, ನೋಡ್ರಿ.”

(ನಮ್ಮೂರಿನ ಮೆಣಸಿನಕಾಯಿ ಬಣ್ಣಕ್ಕೆ ಹೆಸರುವಾಸಿ, ಖಾರ ಕಡಿಮೆ. ಸುಟ್ಟರೂ ಘಾಟು ಅಷ್ಟಕ್ಕಷ್ಟೆ. ಹಾಗಾಗಿ ಬ್ಯಾಡಗಿಯಲ್ಲಿ ಸದಾ ಎಲ್ಲರಿಗೂ ದೃಷ್ಟಿ ತಾಗಿಯೇ ಇರುತ್ತದೆ.)

ಸಸಿಯ ಮುಚ್ಚಳ ತೆಗೆದರೆ ಅಂಥದ್ದೇನಾಯಿತು ಎಂದು ಕೇಳುವಿರಿ. ಹೇಳುತ್ತೇನೆ. ಇದಕ್ಕೆ ಟಿಶ್ಯೂ ಕಲ್ಚರ್ ಎನ್ನುತ್ತಾರೆ. ಒಳ್ಳೆಯ ಬಾಳೆಯ ಬುಡದಲ್ಲೇಳುವ ಕಂದು ತಂದು, ಸಿಪ್ಪೆ ಸಿಪ್ಪೆಯಾಗಿ ಸುಲಿದು, ಒಳಗಿನ ಬೆಳೆಯುವ ತುದಿಯನ್ನು ಕಡಲೆಕಾಳಿನಷ್ಟು ಕತ್ತರಿಸಬೇಕು. ಔಷಧದ ನೀರಿನಲ್ಲಿ ತೊಳೆದು ಬಾಟಲಿಯೊಳಗೆ ಕೂರಿಸಬೇಕು. ಬಾಟಲಿಯಲ್ಲಿ ಮಣ್ಣಿಲ್ಲ. ಸಕ್ಕರೆ, ಲವಣಗಳು, ತುಸು ಎಳನೀರು ಕೂಡಿಸಿ ಚೈನಾ ಗ್ರಾಸ್ ಹಾಕಿ ಹೆಪ್ಪುಗಟ್ಟಿಸಿದ ಜೆಲ್ಲಿ. (ರಂಜಾನಿನಲ್ಲಿ ಮೆಹಬೂಬಿ ಹಾಲಿಗೆ ಹಾಕುವ ಚೈನಾ ಗ್ರಾಸೇ.) ಆ ತುಣುಕು ಚಿಗುರುತ್ತದೆ. ಚಿಗುರನ್ನು ಬಿಡಿಸಿ ಬೇರೆ ಬಾಟಲಿಗೆ ಹಾಕಿದರೆ ಅದೂ ಚಿಗುರುತ್ತದೆ. ಒಂದು ಕಂದಿನಿಂದ ಒಂದು ತೋಟ. ಎಲ್ಲವೂ ತಾಯಿಯ ಹಾಗೆಯೇ.

ಆದರೆ ಆ ಸಿಹಿ ಜೆಲ್ಲಿ ಬಾಳೆಗೆ ಎಷ್ಟು ಇಷ್ಟವೋ, ಹಳಸಿದ ರೊಟ್ಟಿಗೆ ಹಿಡಿಯುವ ಬೂಸ್ಟಿಗೂ ಅಷ್ಟೇ ಇಷ್ಟ. ಅದಕ್ಕೇ ಬಾಟಲಿ, ಚಿಮಟ, ಚೂರಿ ಎಲ್ಲವನ್ನೂ ಪ್ರೆಶರ್ ಕುಕ್ಕರಿನಲ್ಲಿ ಬೇಯಿಸುವುದು. ಕೈಗೆ ಸ್ಪಿರಿಟ್, ಮೂಗಿಗೆ ಬಟ್ಟೆ, ಎದುರಿಗೆ ಉರಿಯುವ ದೀಪ. ಮಾತಿಲ್ಲ. ಧಾರವಾಡದಲ್ಲಿ ಎಂ.ಎಸ್ಸಿ. ಮಾಡಿ ಬಂದ ಈ ಹುಡುಗಿಯ ಕೆಲಸ ಮೊದಲ ಸಲ ನೋಡಿದಾಗ ನನಗೆ ನನ್ನ ಥಿಯೇಟರೇ ನೆನಪಾಗಿತ್ತು.

ನಸೀಮಾಳ ಮಾವ ಹುಸೇನಸಾಬರು ಮೆಣಸಿನಕಾಯಿ ವ್ಯಾಪಾರಿ. ಚೀಲ ಇಡುವ ಕೋಣೆಯನ್ನು ಒಂದು ಷರತ್ತಿನ ಮೇಲೆ ಸೊಸೆಗೆ ಬಿಟ್ಟಿದ್ದರು. ಐರಣಿಯ ರೈತರೊಬ್ಬರು ಸಸಿ ಕೊಳ್ಳುವ ಮಾತಾಡಿದ್ದಾರೆ. ಅವರು ಬಂದು ನೋಡಿ ಒಪ್ಪಿದರೆ ಕೋಣೆ ಆಕೆಯದು, ಇಲ್ಲದಿದ್ದರೆ ಚೀಲಗಳದ್ದು. ಈಗಾಗಲೇ ಪಡಸಾಲೆಯಲ್ಲಿ ಚೀಲಗಳು ಸಾಲುಗಟ್ಟಿದ್ದವು.

ಬಾಟಲಿಗಳೇನೋ ಸ್ವಚ್ಛವಾಗಿಯೇ ಕಾಣುತ್ತಿದ್ದವು. ಬೂಸ್ಟು ಮೊದಲ ದಿನ ಮುಖ ತೋರಿಸುವುದಿಲ್ಲ. ಆಸ್ಪತ್ರೆಯಲ್ಲೂ ಹಾಗೆಯೇ. ಹೊಲಿಗೆ ಹಾಕಿದ ಗಾಯವನ್ನು ಹಾಳುಮಾಡುತ್ತಿದ್ದವರು ಯಾರು? ಶತ್ರುಗಳಲ್ಲ. ಮಾವಶಿ, ಅತ್ತೆ, ಅಜ್ಜಿ. “ಒಳಗ ಹೆಂಗಾಗೇತಿ ನೋಡೂಣು” ಎಂದು ಬ್ಯಾಂಡೇಜಿನ ಅಂಚು ಎತ್ತುವವರು. ಪ್ರೀತಿಯಿದ್ದ ಕಡೆ ನಮ್ಮ ಕೈ ಯಾಕೆ ಸುಮ್ಮನಿರುವುದಿಲ್ಲ? ಕುದಿಯುವ ಅನ್ನದ ಮುಚ್ಚಳ, ಮಲಗಿದ ಕೂಸಿನ ಹೊದಿಕೆ, ಯಾವುದನ್ನು ಬಿಟ್ಟಿದ್ದೇವೆ?

ನನಗೆ ಕಾಯುವುದು ಆಗದ ಮಾತು. “ಬೇರು ಬಂದಾವೇನ್ ಇವಕ್ಕ?” ಎಂದೆ.

“ಮ್ಯಾಲಿನ ಎರಡೂ ಸಾಲಿಗೆ ಬಂದಾವ್ರಿ, ಸಿಸ್ಟರ್ ಆಂಟಿ. ಇನ್ನೊಂದ್ ವಾರ ಗಟ್ಟಿ ಆಗ್ಲಿ ಅಂತ ಬಿಟ್ಟಿದ್ನಿ.”

“ನಿನ್ನ ವಾರ ಬೂಸ್ಟ್ ಕಾಯ್ತೈತೇನ?”

ಆಕೆ ನನ್ನ ಮುಖ ನೋಡಿದಳು. ಕಪಾಟು ನೋಡಿದಳು. ಸೀರೆ ಸಿಕ್ಕಿಸಿಕೊಂಡಳು. ಬೇರು ಬಂದ ಸಸಿಗೆ ಇನ್ನು ಜೆಲ್ಲಿ ಬೇಕಿಲ್ಲ. ಹೊರಗೆ ಬಂದರೆ ಸಾಕು, ಬೂಸ್ಟಿನ ಭಯ ಅರ್ಧ ಕಳೆಯಿತು. ಉಳಿಯುವುದು ಗಾಳಿಯ ಭಯ. ಬಾಟಲಿಯ ತೇವದಲ್ಲಿ ಬೆಳೆದ ಎಲೆ, ಬಯಲ ಗಾಳಿಗೆ ಬಾಡಿಬಿಡುತ್ತದೆ.

ಮೂವರೂ ಕುಳಿತೆವು. ನಸೀಮಾ ಸಸಿಗಳನ್ನು ಹಗುರವಾಗಿ ಎಳೆದು ಕೊಡುವುದು. ನಾನು ಬೇರಿಗಂಟಿದ ಜೆಲ್ಲಿಯನ್ನು ಚೂರೂ ಉಳಿಯದಂತೆ ತೊಳೆದು, ಬೂಸ್ಟು ತಡೆಯುವ ಔಷಧಿಯಲ್ಲಿ ಅದ್ದುವುದು. ಮೆಹಬೂಬಿ, ಹುರಿದು ಆರಿಸಿದ ಮರಳು ಮಣ್ಣು ತುಂಬಿದ ಕಪ್ಪಿನಲ್ಲಿ ಊರಿ, ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿ ಕಟ್ಟುವುದು. ಬೇರಿಲ್ಲದ ಬಾಟಲಿಗಳನ್ನು ಬೇರೆ ಮೂಲೆಗೆ ಸರಿಸಿದೆವು. ಅವುಗಳ ಹಣೆಬರಹ ಬೂಸ್ಟಿನ ಬಿಳಿ ನೂಲಾಗಿ ತಾನೇ ಕಾಣಿಸಬೇಕು.

“ಇವಕ್ಕೂ ಮುಚ್ಚಳಾನ?” ಎಂದರು ಮೆಹಬೂಬಿ, ಪ್ಲಾಸ್ಟಿಕ್ ಚೀಲ ಹಿಡಿದು.

“ಹೂಂ ಅಮ್ಮಿ. ಮುಂದಿನ ವಾರ ನಾನ ಒಂದೊಂದ ತೂತ ಹಾಕ್ತೇನಿ. ಅಲ್ಲೀತನಕ ಯಾರೂ ಮುಟ್ಟೂದಿಲ್ಲ.”

“ಬೀಗರು ಮತ್ತ ಬಂದ್ರ?”

“ಅವರ ದೃಷ್ಟಿ ಬಾಗಿಲದಾಗ ಇಳಸ್ರಿ. ಒಳಗ ಬರೂದ ಬ್ಯಾಡ.”

ಮಧ್ಯಾಹ್ನ ಹುಸೇನಸಾಬರು ಬಂದು ಬಾಗಿಲಲ್ಲಿ ನಿಂತರು. ಮಣ್ಣು ಮೆತ್ತಿದ ಮೂವರು ಹೆಂಗಸರನ್ನು ನೋಡಿದರು. “ಅಡಗಿ ಆಗಿಲ್ಲಲ್ಲ?” ಎಂದರು. ಮೆಹಬೂಬಿ ಇನ್ನೊಂದು ಸಸಿ ಊರಿದರು. ಆಮೇಲೆ ಹಮಾಲರನ್ನು ಕರೆದು, “ಚೀಲಾ ಅತ್ಲಾಗ ಒಯ್ರೋ. ಧೂಳ ಒಳಗ ಹೊಂಟೈತಿ. ಐರಣಿಯವ್ರು ಬಂದು ನೋಡೂಮಟಾ ಕೋಣಿ ತಂಟೆಗೆ ಹೋಗಬ್ಯಾಡ್ರಿ” ಎಂದರು. ಸೊಸೆಯ ಕಡೆ ತಿರುಗಲಿಲ್ಲ. ಅವಳೂ ತಲೆಯೆತ್ತಲಿಲ್ಲ, ಆದರೆ ಕೈ ಒಂದು ಗಳಿಗೆ ನಿಂತಿತು.

ಊಟವಾಗಿ ನಾನು ಮನೆಗೆ ಬಂದೆ. ಕೂತೆ, ಎದ್ದೆ. ಪೇಪರ್ ಹಿಡಿದೆ, ಮಡಚಿದೆ. ಸಸಿಗಳು ಬಾಗಿದವೋ, ನಿಂತಿವೆಯೋ? ಮೂರು ಬಾರಿ ಪಕ್ಕದ ಮನೆಗೆ ಹೋಗಿ ಬಂದೆ. ಕೊನೆಯ ಬಾರಿ ಒಂದು ಪ್ಲಾಸ್ಟಿಕ್ ಚೀಲದ ಗಂಟಿಗೆ ಬೆರಳು ಹಾಕಿಯೇ ಬಿಟ್ಟಿದ್ದೆ. ಹಿಂದೆ ನಸೀಮಾ ಕೆಮ್ಮಿದಳು.

ಸಂಜೆ ದೀಪ ಹಚ್ಚುವ ಹೊತ್ತು. ಆ ದಿನದ ಕಡೆಯ ಕೆಲಸ ಕೋಣೆಗೆ ಬೀಗ ಹಾಕುವುದು. ನಸೀಮಾ ಹಾಕಿದಳು, ಎಳೆದು ನೋಡಿದಳು, ಕೀಲಿಕೈಯನ್ನು ಅತ್ತೆಯ ಸೆರಗಿಗೇ ಕಟ್ಟಿದಳು.

ಎದುರಿಗೇ ನಿಂತಿದ್ದ ನನ್ನ ಕೈಗೆ ಮಾತ್ರ ಯಾಕೆ ಕೊಡಲಿಲ್ಲವೋ?